ಅವಳಿ ವರ್ಷ

೨೦೦೪ನೇ ಇಸವಿ, ಸೆಪ್ಟೆಂಬರ್ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಮಳೆ ಅಳೆಯುವವರ ಲೆಕ್ಕದಲ್ಲಿ ಒಂಬತ್ತೇ. ಬೇಸಿಗೆ ಬಂತೆಂದು ಐರ್ಲೆಂಡಿನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿದರೂ ಮಳೆಮಾಪಕದ ಗಂಟೆಯನ್ನು ಯಾರೂ ತಿರುಗಿಸುವುದಿಲ್ಲ. ಆಸ್ಟಿನ್ ಗಿಂಟಿ ಮೇಷ್ಟ್ರು ಹಿತ್ತಿಲಿನ ಒದ್ದೆ ಹುಲ್ಲಿನಲ್ಲಿ ಒಂದು ಮೊಣಕಾಲೂರಿ ತಾಮ್ರದ ಆಲಿಕೆಯನ್ನು ಎತ್ತಿದಾಗ, ಒಳಗಿನ ಬಾಟಲಿ ತುಂಬಿ ಚೆಲ್ಲಿ, ಹೊರಗಿನ ಡಬ್ಬಿಯಲ್ಲೂ ನೀರು ನಿಂತಿತ್ತು. ಅಳತೆಯ ಗಾಜಿಗೆ ಹಿಡಿಯುವುದು ಒಂದು ಸಲಕ್ಕೆ ಹತ್ತು ಮಿಲಿಮೀಟರ್ ಮಳೆ. ಎಂಟು ಸಲ ತುಂಬಿಸಿ ಚೆಲ್ಲಿ, ಒಂಬತ್ತನೆಯ ಸಲ ತಳದಲ್ಲಿ ಉಳಿದದ್ದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದರು. ಒಂದು ದಶಮಾಂಶ ಆರು. ಒಟ್ಟು ಎಂಬತ್ತೊಂದು ದಶಮಾಂಶ ಆರು. ಎಪ್ಪತ್ತೊಂದು ವರ್ಷದ ಕಣ್ಣಲ್ಲವೇ ಎಂದುಕೊಂಡು ಇನ್ನೊಮ್ಮೆ ಓದಿದರು; ಅಷ್ಟೇ ಇತ್ತು. ಮಳೆ ಅವರ ಟೋಪಿಯ ಅಂಚಿನಿಂದ ಗಾಜಿನೊಳಕ್ಕೇ ತೊಟ್ಟಿಕ್ಕಿತು. ಆ ತೊಟ್ಟು ಯಾವ ದಿನಕ್ಕೂ ಸೇರಿದ್ದಲ್ಲ.

ಒಳಗೆ ಬಂದು ಪೆನ್ಸಿಲಿನಲ್ಲಿ ಬರೆದರು, ಹದಿನಾಲ್ಕರ ಮುಂದಲ್ಲ, ಹದಿಮೂರರ ಮುಂದೆ. ಇವತ್ತು ಅಳೆದದ್ದು ನಿನ್ನೆಗೆ ಸೇರಬೇಕು, ಅದು ನಿಯಮ. ಅಳೆಯುವವನು ಯಾವಾಗಲೂ ಒಂದು ದಿನ ಹಿಂದೆ ನಿಂತಿರುತ್ತಾನೆ, ಆದ್ದರಿಂದ ಅವನ ಮಾತು ಸುಳ್ಳಾಗುವುದಿಲ್ಲ ಎಂದು ಶಾಲೆಯಲ್ಲಿ ಹುಡುಗರಿಗೆ ಹೇಳುತ್ತಿದ್ದರು. ಮುಂದಿನದನ್ನು ಹೇಳುವವನ ಪಾಡು ಬೇರೆ. ಹದಿನೇಳು ವರ್ಷಗಳಿಂದ ಅವರು ಆ ಪಾಡನ್ನೂ ತಾವಾಗಿಯೇ ಹೊತ್ತುಕೊಂಡಿದ್ದರು. ವರ್ಷಕ್ಕೆ ನಾಲ್ಕು ಸಲ, ಊರಿನ ಚರ್ಚಿನ ಪತ್ರಿಕೆಯಲ್ಲಿ ಅರ್ಧ ಪುಟ, ಜಿಲ್ಲೆಯ ರೇಡಿಯೋದಲ್ಲಿ ಆರು ನಿಮಿಷ: ಮುಂದಿನ ಮೂರು ತಿಂಗಳ ಹವೆ. ವಿಧಾನ ಸರಳ. ಕಳೆದ ಚಳಿಗಾಲ, ವಸಂತಗಳ ಅಂಕಿಗಳನ್ನು ಮುಂದಿಟ್ಟುಕೊಂಡು ನಲವತ್ತಮೂರು ವರ್ಷಗಳ ತಮ್ಮದೇ ಪುಸ್ತಕಗಳಲ್ಲಿ ಅದಕ್ಕೆ ಅವಳಿಯಾದ ವರ್ಷವನ್ನು ಹುಡುಕುವುದು. ಅವಳಿ ಸಿಕ್ಕಿದರೆ ಅದರ ಬೆನ್ನ ಹಿಂದೆ ಏನು ಬಂದಿತ್ತು ಎಂದು ನೋಡುವುದು. ಈ ವರ್ಷದ ಅವಳಿ ೧೯೭೭. ಜೂನ್ ಒಣಗುತ್ತದೆ ಎಂದರು, ಒಣಗಿತು. ಜುಲೈ, ಆಗಸ್ಟ್ ಒಣಗುತ್ತವೆ ಎಂದರು, ಒಣಗಿದವು. ಜೌಗಿನಿಂದ ಕತ್ತರಿಸಿದ ಕರಿಹೆಂಟೆಗಳು ಒಲೆಗೆ ಹಾಕುವಷ್ಟು ಒಣಗಿ ಜುಲೈನಲ್ಲೇ ಮನೆ ಸೇರಿದವು. ಪಾದ್ರಿ ಪೂಜೆಯ ಕೊನೆಗೆ “ಮೇಲಿರುವವನಿಗೂ, ನಮ್ಮ ಮೇಷ್ಟ್ರಿಗೂ ವಂದನೆ” ಎಂದಾಗ ಇಡೀ ಚರ್ಚು ನಕ್ಕಿತ್ತು, ಅವರ ಮುಖ ಕೆಂಪಾಗಿತ್ತು; ಆ ಕೆಂಪು ನಾಚಿಕೆಯದಲ್ಲ ಎಂದು ಆಗಲೂ ಅವರಿಗೆ ಗೊತ್ತಿತ್ತು. ಸೆಪ್ಟೆಂಬರ್ ಎಲ್ಲಕ್ಕಿಂತ ಒಣ, ಅಕ್ಟೋಬರ್ ಮುಗಿಯುವವರೆಗೆ ತುಂತುರು ಬಿಟ್ಟರೆ ಏನಿಲ್ಲ ಎಂದಿದ್ದರು. ಶನಿವಾರ ಮಳೆ ಹಿಡಿಯಿತು. ಭಾನುವಾರ ಚರ್ಚಿನಲ್ಲಿ ಯಾರೂ ಅವರನ್ನು ಗೇಲಿ ಮಾಡಲಿಲ್ಲ. ಗೇಲಿ ಮಾಡಿದ್ದರೆ ಚೆನ್ನಾಗಿತ್ತು. ಜನ ಕೋಟು ಕೊಡವಿಕೊಳ್ಳುತ್ತ, ಕಾಯಿಲೆಯವರ ಮನೆಯಲ್ಲಿ ಮಾತಾಡುವ ಹಾಗೆ ಬೇರೆ ಏನೇನೋ ಮಾತಾಡಿದ್ದರು.

ಸಮಾಧಾನಕ್ಕಾಗಿ ೧೯೭೭ರ ಪುಸ್ತಕವನ್ನು ತೆಗೆದರು. ಅವಳಿಯಲ್ಲೂ ಇಂಥದೊಂದು ದಿನ ಇದ್ದಿರಬಹುದು, ಒಂದೇ ಒಂದು ಕೆಟ್ಟ ದಿನ, ಆಮೇಲೆ ಮತ್ತೆ ಒಣ. ಬೆರಳನ್ನು ಸಾಲುಗಳ ಮೇಲೆ ಇಳಿಸುತ್ತ ಹೋದರು, ಮತ್ತು ಓದುವ ಮೊದಲೇ ಬೆರಳಿಗೆ ಗೊತ್ತಾಯಿತು. ಅವರ ಪುಸ್ತಕಗಳ ಹಾಳೆಗಳೆಲ್ಲ ಒರಟು; ಹೊರಗಿನಿಂದ ಬಂದು ಒದ್ದೆ ಕೈಯಲ್ಲೇ ಬರೆದು ಬರೆದು ಕಾಗದ ಉಬ್ಬಿ ಒಣಗಿ ಸುಕ್ಕಾಗಿರುತ್ತದೆ. ಸೆಪ್ಟೆಂಬರ್ ಆರರಿಂದ ಹದಿನಾರರವರೆಗೆ ಹಾಳೆ ನುಣುಪಾಗಿತ್ತು. ಹನ್ನೊಂದು ಸಾಲು. ೦.೨, ೦.೦, ೧.೧, ೦.೪. ಒಂದೇ ಸಲ ಕೂತು, ಒಂದೇ ಮೊನೆಯ ಪೆನ್ಸಿಲಿನಲ್ಲಿ, ಬೆಚ್ಚಗಿನ ಒಣ ಕೈಯಲ್ಲಿ ಬರೆದದ್ದು. ಯಾವ ಅಂಕಿಯೂ ಎರಡು ಸಲ ಪಕ್ಕಪಕ್ಕದಲ್ಲಿ ಬರದಂತೆ ಎಚ್ಚರ ವಹಿಸಿದ್ದು ಕೂಡ ನೆನಪಾಯಿತು. ನೆನಪಾಯಿತು ಎನ್ನುವುದು ಸರಿಯಲ್ಲ. ಮನೆಯ ಯಾವುದೋ ಕೋಣೆಗೆ ಬೀಗ ಹಾಕಿ, ಬೀಗದ ಕೈ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿದ್ದೂ, ಆ ಕೋಣೆಯೇ ಇಲ್ಲವೆಂಬಂತೆ ಇಪ್ಪತ್ತೇಳು ವರ್ಷ ಓಡಾಡಿದ ಹಾಗೆ. ಡಬ್ಲಿನ್‌ನ ಬಾಡಿಗೆ ಕೋಣೆಯಲ್ಲಿ ಆ ಹನ್ನೊಂದು ದಿನ ಕಳೆದಿದ್ದರು; ಅದರ ಗೋಡೆಗೆ ಕಂದುಬಣ್ಣದ ಹೂವಿನ ಕಾಗದ ಅಂಟಿಸಿದ್ದರು. ಮನೆಯೊಡತಿ ಪ್ರತಿದಿನ ಬೆಳಿಗ್ಗೆ ತಟ್ಟೆಗೆ ಮೊಟ್ಟೆ ಬಡಿಸುತ್ತ “ಇನ್ನೂ ಕಾಗದ ಬರಲಿಲ್ವಾ ಸಾರ್?” ಎಂದು ಕೇಳುತ್ತಿದ್ದಳು. ಹವಾಮಾನ ಕಚೇರಿಯ ಕೆಲಸಕ್ಕೆ ಅರ್ಜಿ ಹಾಕಿ ಸಂದರ್ಶನಕ್ಕೆ ಹೋಗಿದ್ದ ನಲವತ್ತನಾಲ್ಕು ವರ್ಷದ ಹಳ್ಳಿ ಮೇಷ್ಟ್ರು, ಎರಡು ದಿನಕ್ಕೆಂದು ಹೋದವರು, ಉತ್ತರಕ್ಕಾಗಿ ಹನ್ನೊಂದು ದಿನ ಕಾದಿದ್ದರು. ಕೊನೆಗೆ ತಾವೇ ಹೋಗಿ ಕೇಳಿದಾಗ, ಅವರಿಗಿಂತ ಹದಿನೈದು ವರ್ಷ ಚಿಕ್ಕವನೊಬ್ಬ ಎದ್ದುನಿಂತು, ಬಹಳ ಮರ್ಯಾದೆಯಿಂದ, ವಯಸ್ಸಿನ ಮಿತಿಯನ್ನು ಅವರು ಗಮನಿಸಲಿಲ್ಲವೇ ಎಂದಿದ್ದ. ಊರಿನಲ್ಲಿ ಅಕ್ಕನ ಮನೆಗೆ ಹೋಗಿದ್ದೆನೆಂದು ಹೇಳಿಕೊಂಡರು. ಹಿತ್ತಿಲಲ್ಲಿ ಮಳೆಮಾಪಕ ತುಂಬಿ ತುಳುಕುತ್ತಿತ್ತು. ಯಾರೂ ಓದದ ದಿನಗಳ ನೀರನ್ನು ಒಟ್ಟಿಗೆ ಅಳೆದು, ಇಷ್ಟು ದಿನಗಳ ಮೊತ್ತ ಎಂದು ಬರೆಯಬೇಕು, ಅದಕ್ಕೂ ನಿಯಮವಿದೆ. ಆದರೆ ಹಾಗೆ ಬರೆದರೆ ಹನ್ನೊಂದು ದಿನ ಊರು ಬಿಟ್ಟು ಉತ್ತರಕ್ಕೆ ಕಾದು ಕೂತಿದ್ದೆನೆಂದು ಬರೆದ ಹಾಗೆ. ಆ ಪುಟದ ನಕಲು ತಿಂಗಳ ಕೊನೆಗೆ ಹೋಗಿ ಬೀಳುವುದು ಎದ್ದುನಿಂತು ಮಾತಾಡಿದ ಆ ಹುಡುಗನ ಮೇಜಿನ ಮೇಲೆಯೇ. ಡಬ್ಬಿಯನ್ನು ಎತ್ತಿ ಬೇಲಿಯ ಬುಡಕ್ಕೆ ಸುರಿದರು. ಅಳೆಯದೆ ಸುರಿದರು. ನೀರು ಸುರಿದ ಸದ್ದು ಎಷ್ಟು ಹೊತ್ತು ಬಂತೆಂದು ಮಾತ್ರ ಈಗಲೂ ಹೇಳಬಲ್ಲರು. ಕಚೇರಿಯವರು ‘ಅಕ್ಕಪಕ್ಕದ ಊರುಗಳಲ್ಲಿ ಭಾರಿ ಮಳೆ, ನಿಮ್ಮಲ್ಲಿ ಮಾತ್ರ ಏಕಿಲ್ಲ’ ಎಂದು ಕೇಳಿ ಬರೆದಾಗ, ‘ಬೆಟ್ಟದ ಮರೆ’ ಎಂದು ಎರಡೇ ಪದದಲ್ಲಿ ಉತ್ತರಿಸಿದರು. ಅವರು ನಂಬಿದರು. ವರ್ಷಗಳು ಕಳೆದಂತೆ ಇವರೂ ನಂಬಿದರು. ತನ್ನದೇ ಕೈಬರಹವನ್ನು ನಂಬದೆ ಇನ್ನಾರದನ್ನು ನಂಬುವುದು?

ಅಂದರೆ ಈ ಸೆಪ್ಟೆಂಬರ್ ಒಣಗುತ್ತದೆಂದು ಹೇಳಿದ್ದು ೧೯೭೭ ಅಲ್ಲ. ಆ ಬೇಲಿಯ ಬುಡ.

ಹೊರಗೆ ಅಂಚೆ ವ್ಯಾನು ನಿಂತ ಸದ್ದಾಯಿತು. ಜ್ಯಾಕಿ ಪ್ಯಾಡೆನ್ ಬಾಗಿಲು ತಟ್ಟುವವನಲ್ಲ. ಐವತ್ತೆರಡರ ಅಂಚೆಯವನು, ಅವರದೇ ಶಿಷ್ಯ, ಭಾಗಾಕಾರ ಬಾರದೆ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವನು.

“ಏನ್ ಮೇಷ್ಟ್ರೇ, ನಿಮ್ ಒಣಹವೆ ನನ್ ಬೂಟೊಳಗೆ ಬಂದು ಕೂತ್ಬಿಟ್ಟಿದೆ. ಎಲ್ಲಿಗ್ ತಲುಪಿಸ್ಲಿ? ವಿಳಾಸ ಇಲ್ಲ ಅದರ ಮೇಲೆ.”

ಅವರು ನಗಲಿಲ್ಲ. ಪುಸ್ತಕದ ಮೇಲೆ ಅಂಗೈ ಇಟ್ಟು ಮುಚ್ಚಿಕೊಂಡರು, ಹುಡುಗರು ತಪ್ಪು ಲೆಕ್ಕದ ಮೇಲೆ ಕೈ ಇಡುವ ಹಾಗೆ.

“ಸುಮ್ನೆ ಅಂದೆ. ಮಳೆ ಬರುತ್ತೆ ಅಂತ ನೋಯೋ ನಮ್ಮಪ್ಪನ ಮಂಡಿ ನಿಮಗಿಂತ ಜಾಸ್ತಿ ಸಲ ತಪ್ಪು ಹೇಳಿದೆ.” ಜ್ಯಾಕಿ ಕಾಗದಗಳನ್ನು ಮೇಜಿನ ಮೇಲಿಟ್ಟು ಒಲೆಯ ಮುಂದೆ ಬೆನ್ನು ಕಾಯಿಸಿಕೊಂಡ. “ಒಂದು ತಮಾಷೆ ಕೇಳಿ. ಡೀಲಿಯಾ ಮನೆ ಪಕ್ಕದ ಹಳ್ಳ ಇದ್ಯಲ್ಲ, ಬೆಳಿಗ್ಗೆ ನೋಡ್ದೆ, ನಿಂತೇ ಹೋಗಿದೆ. ಮೂರು ದಿನದಿಂದ ಆಕಾಶ ಕಿತ್ಕೊಂಡ್ ಬೀಳ್ತಿದೆ, ಹಳ್ಳದಲ್ಲಿ ಕಲ್ಲು ಕಾಣ್ತಿದೆ! ಅವಳು ಅಂತಾಳೆ, ಮೇಷ್ಟ್ರು ಒಣ ಅಂದಿದ್ದು ಹಳ್ಳಕ್ಕೆ ಮಾತ್ರ ಕೇಳಿಸ್ತು ಅಂತ.”

ಮೇಷ್ಟ್ರು ಎದ್ದುನಿಂತರು. ಮೂರು ತಿಂಗಳು ಒಣಗಿದ ಜೌಗು ಬಿರುಕು ಬಿಡುತ್ತದೆ. ಬಿರುಕಿನೊಳಕ್ಕೆ ಮಳೆ ಇಳಿಯುತ್ತದೆ. ಇಳಿದದ್ದು ಹಳ್ಳಕ್ಕೆ ಬರದೆ ಕರಿಮಣ್ಣಿಗೂ ಅಡಿಯ ಬಂಡೆಗೂ ನಡುವೆ ಸೇರಿಕೊಳ್ಳುತ್ತದೆ. ಒಂದು ಬೆಟ್ಟದ ಪಕ್ಕೆಯೇ ಬಂಡೆಯ ಮೇಲೆ ತೇಲಲು ತೊಡಗುತ್ತದೆ. ಇದನ್ನು ಅವರು ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದರು, ಬೇರೆ ಯಾವುದೋ ಜಿಲ್ಲೆಯ ಉದಾಹರಣೆ ಕೊಟ್ಟು. ಆಗಸ್ಟ್ ಇಪ್ಪತ್ತರಂದು ಜಿಲ್ಲಾ ಕಚೇರಿಯಿಂದ ಬಂದ ಎಂಜಿನಿಯರ್ ಹುಡುಗಿ, ಸ್ಲೀವ್ ಗಾರ್ವ್ ಎಂಬ ಬೆಟ್ಟದ ಮೇಲೆ ಆಗಲೇ ಬಿಟ್ಟಿದ್ದ ಸೀಳಿನ ಎರಡೂ ಕಡೆ ಗೂಟ ಹೊಡೆದು, ಕೆಳಗಿನ ಮನೆಯಲ್ಲಿ ಒಬ್ಬಳೇ ಇದ್ದ ಡೀಲಿಯಾ ಮುನ್ನೆಲ್ಲಿಗೆ ವಸಂತದವರೆಗೆ ಊರೊಳಗಿನ ಖಾಲಿ ಮನೆಗೆ ಹೋಗಿ ಇರಿ ಎಂದಿದ್ದಳು. ಡೀಲಿಯಾ ಫೋನು ಮಾಡಿದ್ದು ಇವರಿಗೆ. “ಹೋಗ್ಲಾ ಮೇಷ್ಟ್ರೇ, ಬೇಡ್ವಾ?” ಆ ದನಿಯಲ್ಲಿ ಇದ್ದ ನಂಬಿಕೆ ಅವರ ಕಿವಿಯನ್ನು ಬೆಚ್ಚಗೆ ಮಾಡಿತ್ತು. “ಎಪ್ಪತ್ತೇಳರ ಸೆಪ್ಟೆಂಬರ್ ಥರ ಒಣ. ಅಕ್ಟೋಬರ್ ಮುಗಿಯೋವರೆಗೆ ಕೋಳಿ ಮುಳುಗೋಷ್ಟೂ ಮಳೆ ಬರಲ್ಲ ಡೀಲಿಯಾ, ಆಮೇಲೆ ನೋಡೋಣ” ಎಂದಿದ್ದರು. ಕೋಳಿಯ ಮಾತಿಗೆ ತಾವೇ ನಕ್ಕಿದ್ದರು.

“ವ್ಯಾನ್ ತೆಗಿ” ಎಂದರು.

ಡೀಲಿಯಾಳ ಮನೆ ಬೆಟ್ಟದ ಬುಡದಲ್ಲಿ, ರಸ್ತೆಯಿಂದ ನೂರು ಹೆಜ್ಜೆ ಒಳಗೆ. ವ್ಯಾನಿನಿಂದ ಇಳಿದಾಗ ಮೊದಲು ಗೊತ್ತಾದದ್ದು ಹಳ್ಳದ ಸದ್ದಿಲ್ಲದ್ದು. ಮಳೆಯ ಸದ್ದಿತ್ತು, ಸೂರಿನ ಸದ್ದಿತ್ತು. ನಡುವೆ, ಮನೆಯಲ್ಲಿ ಯಾರೋ ಮಾತು ನಿಲ್ಲಿಸಿ ಕಿವಿಗೊಟ್ಟ ಹಾಗೆ ಒಂದು ತೆರಪು. ಡೀಲಿಯಾ ಅಡುಗೆಮನೆಯಲ್ಲಿ ಸೋಡಾ ರೊಟ್ಟಿಯನ್ನು ಒಲೆಯಿಂದ ತೆಗೆಯುತ್ತಿದ್ದಳು. ಅರವತ್ತೆಂಟು ವರ್ಷ, ಸೊಂಟದ ಕೀಲು ಸವೆದು ಊರುಗೋಲು. ಆದರೂ ಬಿಸಿ ತಟ್ಟೆಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದಳು.

“ಬನ್ನಿ ಬನ್ನಿ, ನೆನೆದ ಕೋಳಿ ಥರ ಇದೀರಿ ಇಬ್ರೂ. ಮೇಷ್ಟ್ರೇ, ಕೂತ್ಕೊಳಿ. ಯಾವಾಗ ನಿಲ್ಲುತ್ತೆ ಇದು? ಮಧ್ಯಾಹ್ನಕ್ಕಾ?”

ಮಧ್ಯಾಹ್ನಕ್ಕೆ ಎಂದರೆ ಅವಳು ಚಹಾ ಬಗ್ಗಿಸುತ್ತಾಳೆ. ಅವರಿಗೆ ಒಂದು ಕ್ಷಣ ಆ ಚಹಾ ಬೇಕೆನಿಸಿತು, ಬೇರೆ ಏನೂ ಬೇಡವೆನಿಸುವಷ್ಟು.

“ಡೀಲಿಯಾ, ಕೋಟು ಹಾಕ್ಕೋ. ಜ್ಯಾಕಿ ಕರ್ಕೊಂಡ್ ಹೋಗ್ತಾನೆ.”

“ಎಲ್ಲಿಗೆ?”

“ಎಲ್ಲಿಗಾದ್ರೂ. ನಿನ್ನ ನಾದಿನಿ ಮನೆಗೆ.”

“ಅವಳ ಮನೆಗಾ? ಅದಕ್ಕಿಂತ ಬೆಟ್ಟ ಮೈಮೇಲೆ ಬಿದ್ರೆ ವಾಸಿ.” ಅವಳು ನಕ್ಕಳು, ಜ್ಯಾಕಿಯೂ ನಕ್ಕ. “ನೀವೇ ಅಂದಿದ್ರಲ್ಲ, ಎಪ್ಪತ್ತೇಳರ ಥರ ಅಂತ.”

“ಎಪ್ಪತ್ತೇಳು ಸುಳ್ಳು.”

ಇಷ್ಟನ್ನು ಹೇಳಿದ ಮೇಲೆ ಉಳಿದದ್ದು ಸುಲಭವಾಗಿ ಬರುತ್ತದೆಂದು ಅವರು ಎಣಿಸಿದ್ದರು. ಬರಲಿಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ಎಳೆದು ತೆಗೆಯಬೇಕಾಯಿತು: ಡಬ್ಲಿನ್, ಅರ್ಜಿ, ವಯಸ್ಸು, ಅಕ್ಕನ ಮನೆಗೆ ಹೋಗಿರಲಿಲ್ಲವೆಂಬುದು, ಹನ್ನೊಂದು ದಿನ, ಬೇಲಿಯ ಬುಡ. ಹೇಳುತ್ತ ಹೇಳುತ್ತ ದನಿ ತರಗತಿಯ ದನಿಯಾಗುತ್ತಿರುವುದನ್ನು, ಪಾಠವೊಂದನ್ನು ವಿವರಿಸುವವನಂತೆ ಬೆರಳು ಮಡಿಸುತ್ತಿರುವುದನ್ನು ತಾವೇ ಗಮನಿಸಿ ಕೈಯನ್ನು ಜೇಬಿಗೆ ತುರುಕಿದರು. ಜ್ಯಾಕಿ ತನ್ನ ಟೋಪಿಯನ್ನು ನೋಡುತ್ತಿದ್ದ. ಡೀಲಿಯಾ ನೋಡುತ್ತಿದ್ದುದು ರೊಟ್ಟಿಯನ್ನು.

“ಯಾವ ಹನ್ನೊಂದು ದಿನ?” ಅಂದಳು ಕೊನೆಗೆ.

“ಸೆಪ್ಟೆಂಬರ್ ಆರರಿಂದ ಹದಿನಾರು.”

“ಹತ್ತನೇ ತಾರೀಕು ನಮ್ಮಪ್ಪನ್ನ ಮಣ್ಣು ಮಾಡಿದ್ದು.” ಅವಳು ಊರುಗೋಲನ್ನು ಒಲೆಗೆ ಒರಗಿಸಿ ನಿಧಾನವಾಗಿ ಕೂತಳು. “ಗುಂಡೀಲಿ ನೀರು ನಿಂತಿತ್ತು. ಪೆಟ್ಟಿಗೆ ಇಳಿಸಿದ್ರೆ ತೇಲ್ತಿತ್ತು. ಈ ಜ್ಯಾಕೀನೇ ಇಳಿದು ಬಕೆಟ್ಟಲ್ಲಿ ಮೊಗೆದಿದ್ದು. ಅಲ್ವೇನೋ?”

“ಹೂಂ” ಅಂದ ಜ್ಯಾಕಿ. “ಸೊಂಟದವರೆಗೆ.”

“ನೀವು ಆಗಸ್ಟಲ್ಲಿ ಫೋನಲ್ಲಿ ಎಪ್ಪತ್ತೇಳರ ಸೆಪ್ಟೆಂಬರ್ ಥರ ಒಣ ಅಂದಾಗ ನಂಗೆ ಮೊದಲು ಬಂದಿದ್ದೇ ಆ ಗುಂಡಿ. ಬಾಯಿಗೂ ಬಂತು. ನುಂಗ್ಕೊಂಡೆ. ಮೇಷ್ಟ್ರು ಬರ್ದಿಟ್ಟಿದಾರೆ, ನಾನ್ಯಾರು ಅಂತ. ಇವನನ್ನ ಕೇಳಿದೆ. ಇವನೇನಂದ ಗೊತ್ತಾ? ‘ಅದು ನಮ್ಮ ದೊಡ್ಡಪ್ಪನ ಮಣ್ಣಿರಬೇಕು, ಮೇಷ್ಟ್ರ ಪುಸ್ತಕದಲ್ಲಿ ಒಣ ಅಂತಿದ್ರೆ ಒಣಾನೇ’ ಅಂದ. ನೀರಲ್ಲಿ ನಿಂತಿದ್ದೋನು!” ಅವಳ ದನಿ ಏರಿರಲಿಲ್ಲ. “ಎರಡು ವಾರ ನಾನು ರಾತ್ರಿ ಮಲಗೋಕ್ ಮುಂಚೆ ಜಪಮಾಲೆ ಹಿಡ್ಕೊಂಡು ನೆನಪಿನ ಪರೀಕ್ಷೆ ಮಾಡ್ಕೊತಿದ್ದೆ ಮೇಷ್ಟ್ರೇ. ಅಮ್ಮಂಗೆ ತಲೆ ಹೋದ ಹಾಗೆ ನಂಗೂ ಹೋಗ್ತಿದೆ ಅಂತ. ಮಕ್ಕಳ ಹುಟ್ಟಿದ ದಿನ, ಗಂಡ ಸತ್ತ ದಿನ. ಎಲ್ಲಾ ಸರಿ ಇತ್ತು. ಅಪ್ಪನ ಗುಂಡಿ ಒಂದು ಮಾತ್ರ ತಪ್ಪು. ಅದೊಂದು ಹ್ಯಾಗ್ ತಪ್ಪಾಯ್ತು ಅಂತ ಅಳ್ತಿದ್ದೆ.”

ಅಂಕಿಯೊಂದು ಹಾಳೆಯಿಂದ ಎದ್ದು ಇನ್ನೊಬ್ಬರ ತಲೆಯೊಳಗೆ ಹೋಗಿ ಅಲ್ಲಿದ್ದ ಸತ್ಯದ ನೀರನ್ನು ಬತ್ತಿಸಬಲ್ಲದೆಂದು ಮೇಷ್ಟ್ರು ಯಾವತ್ತೂ ಯೋಚಿಸಿರಲಿಲ್ಲ.

“ಸರಿ, ಈಗ ಏಳು” ಎಂದರು. “ಬೈಯೋದಿದ್ರೆ ವ್ಯಾನಲ್ಲಿ ಬೈ.”

“ಯಾಕೆ ಏಳ್ಬೇಕು? ಒಣ ಅಂದ್ರಿ, ಉಳಿದೆ. ಈಗ ಬೆಟ್ಟ ಬೀಳುತ್ತೆ ಅಂತೀರಿ. ಇದು ಯಾವ ಪುಸ್ತಕದಲ್ಲಿದೆ?”

“ಡೀಲಿಯಾ, ನಾನೇ ಹೊತ್ಕೊಂಡ್ ಹೋಗ್ತೀನಿ ನೋಡಿ” ಅಂದ ಜ್ಯಾಕಿ.

“ಮುಟ್ಟು, ಕೋಲು ಮುರಿಯುತ್ತೆ. ನಿನ್ ಬೆನ್ನ ಮೇಲೆ.” ಅವಳು ಮೇಷ್ಟ್ರ ಕಡೆ ತಿರುಗಿದಳು. “ಆ ಹುಡುಗಿ ಗೂಟ ಹೊಡೆದಾಗ ಒಂಬತ್ತು ಸೆಂಟಿಮೀಟರ್ ಇತ್ತು. ಇಪ್ಪತ್ತು ದಾಟಿದ್ರೆ ಬಾಗಿಲು ಕೂಡ ಹಾಕ್ದೆ ಓಡಿ ಅಂದ್ಲು. ಗೂಡಲ್ಲಿ ಟೇಪಿದೆ. ಹೋಗಿ ಅಳೀರಿ. ಇಪ್ಪತ್ತು ದಾಟಿದ್ರೆ ಟೋಪಿ ಬೀಸ್ರಿ, ನಾದಿನಿ ಮನೆಗೂ ಹೋಗ್ತೀನಿ. ಆದ್ರೆ ಓದೋದು ಜ್ಯಾಕಿ. ನೀವು ತುದಿ ಹಿಡ್ಕೊಳಿ ಸಾಕು.”

ಜ್ಯಾಕಿ ಟೇಪನ್ನು ಜೇಬಿಗೆ ಹಾಕಿಕೊಂಡ, ಇಬ್ಬರೂ ಬೆಟ್ಟ ಹತ್ತತೊಡಗಿದರು. ಕುರಿಗಳ ಕಾಲುದಾರಿ ಕರಗಿ ಹೋಗಿತ್ತು. ಹೆಜ್ಜೆ ಇಟ್ಟಲ್ಲಿ ನೆಲ ಗಟ್ಟಿಯಾಗಿ ತಡೆಯುತ್ತಿರಲಿಲ್ಲ. ಒಂದು ಗಳಿಗೆ ತಡೆದು, ಆಮೇಲೆ ನಾಲ್ಕು ಮಾರು ದೂರದ ಹುಲ್ಲು ಅಲುಗುತ್ತಿತ್ತು, ಹಾಸಿಗೆಯ ಆ ಬದಿಯಲ್ಲಿ ಯಾರೋ ಹೊರಳಿದಂತೆ. ಮೇಷ್ಟ್ರು ಮೂರು ಸಲ ನಿಂತು ಉಸಿರು ತೆಗೆದುಕೊಂಡರು. ಮೂರನೆಯ ಸಲ ಜ್ಯಾಕಿ ಅವರತ್ತ ನೋಡದೆಯೇ ಕೇಳಿದ, “ನಂಗೆ ಭಾಗಾಕಾರ ತಪ್ಪಿದ್ದಕ್ಕೆ ಬೆತ್ತದಲ್ಲಿ ಹೊಡೆದ್ರಲ್ಲ, ಅದು ಯಾವ ವರ್ಷ?” ಅವರು ನೆನಪಿಲ್ಲ ಎಂದರು. “ನಂಗಿದೆ” ಅಂದ ಜ್ಯಾಕಿ, ಮತ್ತು ಹತ್ತಲು ಕೈ ಕೊಟ್ಟ.

ಸೀಳು ಬೆಟ್ಟದ ಹೊಟ್ಟೆಗೆ ಅಡ್ಡಲಾಗಿ, ಮಂಜಿನೊಳಗಿನಿಂದ ಬಂದು ಮಂಜಿನೊಳಕ್ಕೆ ಹೋಗಿತ್ತು. ಕಪ್ಪು ಅಂಚುಗಳು ಕತ್ತರಿಸಿದಷ್ಟು ನೇರ. ಸುತ್ತಲಿನ ಮಳೆನೀರು ಸದ್ದಿಲ್ಲದೆ ಅದರೊಳಕ್ಕೆ ಹೋಗುತ್ತಿತ್ತು. ಎಷ್ಟು ಕಿವಿಗೊಟ್ಟರೂ ತಳ ಮುಟ್ಟಿದ ಸದ್ದು ಬರಲಿಲ್ಲ. ಜ್ಯಾಕಿ ಮೇಲಿನ ಅಂಚಿಗೆ ದಾಟಿ ಟೇಪಿನ ಡಬ್ಬಿ ಹಿಡಿದು ಕೂತ. ಮೇಷ್ಟ್ರು ಕೆಳಗಿನ ಗೂಟದ ಪಕ್ಕದಲ್ಲಿ ಮೊಣಕಾಲೂರಿ ತುದಿಯನ್ನು ಒತ್ತಿ ಹಿಡಿದರು. ತಮ್ಮ ಕಡೆಯಿಂದ ಅಂಕಿ ತಲೆಕೆಳಗಾಗಿ ಕಾಣುತ್ತಿತ್ತು. ಅವರು ಕಣ್ಣು ತಿರುಗಿಸಿಕೊಂಡರು.

“ಮೂವತ್ತೊಂದು” ಅಂದ ಜ್ಯಾಕಿ. ಆಮೇಲೆ, “ಮೇಷ್ಟ್ರೇ, ಎಳೀಬೇಡಿ.”

“ನಾನು ಎಳೀತಿಲ್ಲ.”

“ಮೂವತ್ತೊಂದೂವರೆ. ಎಳೀತಿದೀರಿ ನೀವು.”

“ಇಲ್ಲ ಜ್ಯಾಕಿ.”

ಇಬ್ಬರೂ ಟೇಪನ್ನು ನೋಡಿದರು. ಜ್ಯಾಕಿ ಎದ್ದು ಟೋಪಿಯನ್ನು ತಲೆಯ ಮೇಲೆತ್ತಿ ಬೀಸತೊಡಗಿದ, ಎರಡು ಸಲ, ಹತ್ತು ಸಲ. ಕೆಳಗೆ ಬಾಗಿಲಲ್ಲಿ ನಿಂತಿದ್ದ ಬೂದುಬಣ್ಣದ ಚುಕ್ಕೆ ಒಳಕ್ಕೆ ಹೋಗಿ, ಹೊರಬಂದು, ನಿಂತಿತು. “ಆ ಕಾಲಲ್ಲಿ ರಸ್ತೆಗೆ ಹೋಗೋಕೆ ಅವಳಿಗೆ ಕಾಲು ಗಂಟೆ ಬೇಕು. ಏಳಿ, ಓಡೋಣ!”

“ನಂಗೆ ಓಡಕ್ಕಾಗಲ್ಲ. ನೀನ್ ಹೋಗು. ಬದಿಯಿಂದ ಇಳಿ, ನೇರ ಇಳೀಬೇಡ.”

“ಮತ್ತೆ ನೀವು?”

“ದಾಟಿ ಮೇಲಕ್ಕೆ ಹೋಗ್ತೀನಿ. ಹೋಗೋ!” ಇದೂ ತರಗತಿಯ ದನಿಯೇ. ಜ್ಯಾಕಿ ಟೇಪಿನ ಡಬ್ಬಿಯನ್ನು ಮೇಲಿನ ಗೂಟಕ್ಕೆ ಸಿಕ್ಕಿಸಿ ಬದಿಯ ಕಡೆಗೆ ಓಡಿದ.

ದಾಟಬೇಕು. ಒಂದು ಹೆಜ್ಜೆ ಸಾಕು. ಇನ್ನೂ ಒಂದು ಹೆಜ್ಜೆಯಷ್ಟೇ ಇತ್ತು. ಮಳೆಯ ಪರದೆಯಾಚೆ ಜ್ಯಾಕಿ ಬೀಳುತ್ತ ಏಳುತ್ತ ಕೆಳಗೆ ತಲುಪುವುದನ್ನು, ಬೂದು ಚುಕ್ಕೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ವ್ಯಾನಿನ ಕಡೆ ಹೋಗುವುದನ್ನು, ವ್ಯಾನು ರಸ್ತೆಗೆ ಹತ್ತಿ ಊರಿನ ಕಡೆ ತಿರುಗುವುದನ್ನು ನೋಡಿದರು. ಮನೆಯ ಬಾಗಿಲು ತೆರೆದೇ ಇತ್ತು. ಆಗ ಅವರಿಗೆ ಅನ್ನಿಸಿತು: ಕೆಳಗಿನ ರಸ್ತೆ, ತೆರೆದ ಬಾಗಿಲು, ಒಣಗಿದ ಹಳ್ಳ ಇವೆಲ್ಲ ಇದ್ದಲ್ಲೇ ಇವೆ, ಎದುರಿನ ಮೇಲಿನ ಗೂಟ ಮಾತ್ರ ತನ್ನಿಂದ ಮೆಲ್ಲನೆ ಹಿಂದಕ್ಕೆ ಹೋಗುತ್ತಿದೆ. ಹಾಗಲ್ಲವೆಂದು ಅವರ ವಿದ್ಯೆಗೆ ಗೊತ್ತಿತ್ತು. ಗೂಟ ನಿಂತಿದೆ. ಹೋಗುತ್ತಿರುವುದು ಈ ಬದಿ. ಮೊಣಕಾಲಿನ ಕೆಳಗೆ ನೆಲ ಬೆಚ್ಚಗಿದೆಯೆನ್ನಿಸಿತು, ಜೀವವಿದ್ದದ್ದರಂತೆ. ಒಂದು ಕೈಯನ್ನು ದಾಟುವುದಕ್ಕೆಂದು ಎದುರಿನ ಅಂಚಿನ ಹುಲ್ಲಿಗೆ ಚಾಚಿ ಹಿಡಿದರು. ಇನ್ನೊಂದು ಕೈ ಟೇಪಿನ ತುದಿಯನ್ನು ಬಿಡಲಿಲ್ಲ. ಕನ್ನಡಕದ ನೀರನ್ನು ತೋಳಿನಿಂದ ಒರೆಸಿ, ಕತ್ತು ಉದ್ದ ಮಾಡಿ, ಅಂಕಿಯನ್ನು ಅದರ ನೇರದಿಂದ ಓದಿದರು. ಬರೆಯಲು ಏನೂ ಇರಲಿಲ್ಲ. ಕೇಳಲು ಯಾರೂ ಇರಲಿಲ್ಲ. ಆದ್ದರಿಂದ ಗಟ್ಟಿಯಾಗಿ ಹೇಳಿದರು.

ನಲವತ್ತನಾಲ್ಕು ಸೆಂಟಿಮೀಟರ್, ಐದು ಮಿಲಿಮೀಟರ್.